ಕ್ಲಿಯೋಪಾತ್ರ ಹೆಸರಿನ ಸೋಪಿನಲ್ಲಿ ಈಜಿಪ್ಟ್ ಎಷ್ಟಿದೆ?

ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಈಜಿಪ್ಟ್ ಮ್ಯೂಸಿಯಂನಲ್ಲಿ ಒಂದು ಪುಟ್ಟ ಹೂಜಿ ಇದೆ. ಅದರ ಮೇಲೆ ಹ್ಯಾಟ್ಶೆಪ್ಸುಟ್ ಎಂಬ ಹೆಸರು ಕೆತ್ತಿದೆ. ಹೆಂಗಸಾಗಿದ್ದೂ ಫೇರೋ, ಅಂದರೆ ಹಳೆಯ ಈಜಿಪ್ಟಿನ ದೊರೆಯ ಪಟ್ಟಕ್ಕೇರಿ, ಸುಮಾರು ಇಪ್ಪತ್ತು ವರ್ಷ ಆಳಿ, ಕ್ರಿ.ಪೂ. 1458ರ ಹೊತ್ತಿಗೆ ತೀರಿಕೊಂಡವಳು ಅವಳು. 2009ರಲ್ಲಿ ಈ ಹೂಜಿಯನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿದರೆ ತಳದಲ್ಲಿ ಏನೋ ಒಣಗಿ ಅಂಟಿಕೊಂಡಿತ್ತು. ರಾಣಿಯ ಸೆಂಟು ಸಿಕ್ಕಿತು, ಇನ್ನೇನು ಅದನ್ನು ಮತ್ತೆ ತಯಾರಿಸುತ್ತಾರೆ ಎಂದು ದೊಡ್ಡ ಸುದ್ದಿಯಾಯಿತು. ಎರಡು ವರ್ಷ ಪರೀಕ್ಷೆ ನಡೆಸಿದ ಮೇಲೆ ಬೇರೆಯದೇ ಕಥೆ ಹೊರಬಿತ್ತು. ಅದು ಸೆಂಟೇ ಅಲ್ಲ. ತಾಳೆ ಎಣ್ಣೆ, ಜಾಯಿಕಾಯಿ ಹಣ್ಣಿನ ಎಣ್ಣೆ, ಜೊತೆಗೆ ಡಾಂಬರಿನ ಜಾತಿಯ ಪದಾರ್ಥ. ಚರ್ಮದ ಕಾಯಿಲೆಗೆ ಹಚ್ಚುವ ಮುಲಾಮು ಇರಬೇಕು ಎಂದು ಸಂಶೋಧಕರು ಅಂದಾಜು ಮಾಡಿದರು. ಅದರಲ್ಲಿ ಬೆಂಜೋಪೈರೀನ್ ಕೂಡ ಇತ್ತು. ಸಿಗರೇಟ್ ಹೊಗೆಯಲ್ಲಿ ಇರುವ, ಕ್ಯಾನ್ಸರ್ ತರುವ ಅದೇ ರಾಸಾಯನಿಕ.

ಅದನ್ನೇ ಯಥಾವತ್ತಾಗಿ ತಯಾರಿಸಿ ಮಾರಲು ಹೊರಟರೆ ಇವತ್ತು ಯಾರೂ ಲೈಸೆನ್ಸ್ ಕೊಡುವುದಿಲ್ಲ. ಆದರೆ ಹೆಸರಿಗೆ ಮಾತ್ರ ಒಳ್ಳೆ ಬೆಲೆ ಇದೆ. 2025ರ ನವೆಂಬರ್ 1ರಂದು ಗೀಜಾ ಪಿರಮಿಡ್‌ಗಳ ಪಕ್ಕದಲ್ಲಿ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಅಧಿಕೃತವಾಗಿ ತೆರೆಯಿತು. ಫೇರೋ ಟುಟಾಂಖಾಮನ್ ಸಮಾಧಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಮೊದಲ ಬಾರಿಗೆ ಒಂದೇ ಕಡೆ ನೋಡಲು ಸಿಗುತ್ತಿವೆ. ಇತ್ತ ಫೋನ್ ತೆರೆದರೆ ಕ್ಲಿಯೋಪಾತ್ರ ಹಾಲಿನ ಸ್ನಾನದ ಪುಡಿ, ಫೇರೋ ಕಾಲದ ಕೃಷ್ಣ ಜೀರಿಗೆ ಎಣ್ಣೆ, ನೀಲಿ ಕಮಲದ ಸೀರಮ್, ಈಜಿಪ್ಷಿಯನ್ ಲೂಫಾ. ಎಲ್ಲದರ ಮೇಲೂ ಎರಡೇ ಮಾತು: ನ್ಯಾಚುರಲ್, ಮತ್ತು ಸಾವಿರಾರು ವರ್ಷದ ಪರಂಪರೆ.

ನನಗೆ ಕಾಣುವ ಹಾಗೆ ಈ ಲೇಬಲ್‌ಗಳಲ್ಲಿ ಮೂರು ಈಜಿಪ್ಟ್‌ಗಳು ಕಲಸಿಹೋಗಿವೆ. ಒಂದು, ನೈಲ್ ದಂಡೆಯ ಜನ ಆಗ ನಿಜಕ್ಕೂ ಮೈಗೆ ಹಚ್ಚಿಕೊಂಡದ್ದು. ಇನ್ನೊಂದು, ಯುರೋಪು ಮತ್ತು ಹಾಲಿವುಡ್ ಕಲ್ಪಿಸಿಕೊಂಡದ್ದು. ಮತ್ತೊಂದು, ಇವತ್ತಿನ ಈಜಿಪ್ಟಿನ ಹೊಲಗಳಲ್ಲಿ ಬೆಳೆಯುವುದು. ನಾವು ದುಡ್ಡು ಕೊಡುವುದು ಜಾಸ್ತಿ ಎರಡನೆಯದಕ್ಕೆ.

ಕೊಬ್ಬು, ಅಂಟು, ಸೋಡಾ

ಮೊದಲನೆಯದನ್ನೇ ನೋಡೋಣ. ಹಳೆಯ ಈಜಿಪ್ಟಿನ ಸೌಂದರ್ಯವರ್ಧಕಗಳಲ್ಲಿ ಮುಖ್ಯವಾದದ್ದು ಕೊಬ್ಬು ಮತ್ತು ಎಣ್ಣೆ. ಟುಟಾಂಖಾಮನ್ ಸಮಾಧಿಯಲ್ಲಿ ಸಿಕ್ಕ ಮುಲಾಮನ್ನು 1920ರ ದಶಕದಲ್ಲಿ ಪರೀಕ್ಷೆ ಮಾಡಿದಾಗ ಸುಮಾರು 90 ಭಾಗ ಪ್ರಾಣಿಯ ಕೊಬ್ಬು, 10 ಭಾಗ ಮರದ ಅಂಟಿನಂಥ ಪದಾರ್ಥ ಎಂದು ಗೊತ್ತಾಯಿತು. ಅದು ಎಷ್ಟು ಬೆಲೆಬಾಳುವ ವಸ್ತು ಎನ್ನುವುದಕ್ಕೆ ಕಳ್ಳರೇ ಸಾಕ್ಷಿ. ಸಮಾಧಿ ಮುಚ್ಚಿದ ಸ್ವಲ್ಪ ಕಾಲದಲ್ಲೇ ಒಳಗೆ ನುಗ್ಗಿದವರು ಬಂಗಾರದ ಜೊತೆ ಮುಲಾಮನ್ನೂ ದೋಚಿದ್ದರು. ಕಲ್ಲಿನ ಜಾಡಿಗಳ ಒಳಗೆ ಕೈ ಹಾಕಿ ಬಳಿದುಕೊಂಡ ಬೆರಳ ಗುರುತುಗಳು ಹಾಗೇ ಉಳಿದಿದ್ದವು. ಮೂರು ಸಾವಿರದ ಚಿಲ್ಲರೆ ವರ್ಷ ಆದಮೇಲೆ, 1922ರಲ್ಲಿ ಸಮಾಧಿಯನ್ನು ಪತ್ತೆ ಮಾಡಿದ ಹೊವಾರ್ಡ್ ಕಾರ್ಟರ್ ತಂಡ ಅವನ್ನು ನೋಡಿತು.

ಇದು ಬರೀ ರಾಜರ ಶೋಕಿಯೂ ಅಲ್ಲ. ರಾಜರ ಸಮಾಧಿಗಳನ್ನು ಕೊರೆಯುತ್ತಿದ್ದ ಕೆಲಸಗಾರರ ಊರು ದೇರ್ ಎಲ್-ಮದೀನಾ. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 12ನೇ ಶತಮಾನದಲ್ಲಿ, ಪಡಿ ಬರಲಿಲ್ಲ ಎಂದು ಅವರು ಕೆಲಸ ಬಿಟ್ಟು ಕೂತರು. ಜಗತ್ತಿನಲ್ಲಿ ದಾಖಲೆ ಇರುವ ಮೊದಲ ಮುಷ್ಕರ ಅದು. ಅದನ್ನು ಬರೆದಿಟ್ಟ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಆ ಕಾಲದ ಕಾಗದ, ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ಅವರ ದೂರು ಏನು ಗೊತ್ತಾ? ಹಸಿವು, ಬಾಯಾರಿಕೆ, ಬಟ್ಟೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ, ಮೈಗೆ ಹಚ್ಚುವ ಎಣ್ಣೆ ಇಲ್ಲ. ಊಟ ಬಟ್ಟೆಯ ಸಾಲಿನಲ್ಲೇ ಎಣ್ಣೆ! ಮರುಭೂಮಿಯ ಬಿಸಿಲು, ಒಣ ಗಾಳಿ, ಕಲ್ಲಿನ ಧೂಳು. ಮೈಗೆ ಜಿಡ್ಡು ಇಲ್ಲದಿದ್ದರೆ ಚರ್ಮ ಬಿರಿಯುತ್ತದೆ. ಜಿಡ್ಡು ಚರ್ಮದ ಮೇಲೆ ಪದರವಾಗಿ ಕೂತು ಒಳಗಿನ ತೇವ ಆರದಂತೆ ತಡೆಯುತ್ತದೆ. ಇವತ್ತಿನ ವ್ಯಾಸಲಿನ್ ಮಾಡುವುದೂ ಇದನ್ನೇ. ಈ ಒಂದು ವಿಷಯದಲ್ಲಿ ಅವರ ಲೆಕ್ಕ ಪಕ್ಕಾ ಇತ್ತು.

ಕೂದಲಿಗೂ ಕೊಬ್ಬೇ. ದಾಖ್ಲಾ ಓಯಸಿಸ್ಸಿನ ಮಮ್ಮಿಗಳ ಕೂದಲನ್ನು ಪರೀಕ್ಷಿಸಿದಾಗ, ಕೇಶಾಲಂಕಾರ ಕೆಡದಿರಲು ಕೊಬ್ಬಿನ ಪದಾರ್ಥ ಬಳಿದಿದ್ದರು ಎಂದು 2011ರಲ್ಲಿ ಪ್ರಕಟವಾಯಿತು. ಒಂದು ಬಗೆಯ ಹೇರ್ ಜೆಲ್ ಅನ್ನಿ. ಇನ್ನು ಹಳೆಯ ಚಿತ್ರಗಳಲ್ಲಿ ಹಬ್ಬದೂಟಕ್ಕೆ ಕೂತ ಹೆಂಗಸರ ತಲೆ ಮೇಲೆ ಕಾಣುವ ಶಂಕುವಿನಾಕಾರದ ಗಟ್ಟಿ. ಪರಿಮಳದ ಕೊಬ್ಬು, ಕರಗಿ ಮೈಮೇಲೆ ಇಳಿಯುತ್ತಿತ್ತು ಎಂದು ತುಂಬ ಕಾಲ ನಂಬಿದ್ದರು. ಕೆಲವರು ಅಂಥ ವಸ್ತುವೇ ಇರಲಿಲ್ಲ, ಸುಮ್ನೆ ಚಿತ್ರದ ಸಂಕೇತ ಎಂದೂ ವಾದಿಸಿದ್ದರು. ಹಳೆಯ ಈಜಿಪ್ಟಿನ ಅಮಾರ್ನಾ ನಗರದ ಸಾಮಾನ್ಯ ಜನರ ಸಮಾಧಿಗಳಲ್ಲಿ ಇಂಥ ಎರಡು ನಿಜವಾಗಿಯೂ ಸಿಕ್ಕವು. ಪರೀಕ್ಷೆಯ ವಿವರ 2019ರಲ್ಲಿ ಬಂತು. ಮೇಣದ್ದು, ಬಹುಶಃ ಜೇನುಮೇಣ. ಪರಿಮಳದ ಗುರುತು ಏನೂ ಸಿಗಲಿಲ್ಲ. ಪಾಠಪುಸ್ತಕಗಳೂ ಜಾಹೀರಾತುಗಳೂ ಹೇಳುತ್ತಾ ಬಂದ ಕಥೆಗೆ ಅಷ್ಟರ ಮಟ್ಟಿಗೆ ಆಧಾರ ಇಲ್ಲ.

ತೊಳೆಯುವುದಕ್ಕೆ ಏನಿತ್ತು? ನ್ಯಾಟ್ರನ್. ಕೈರೋದ ವಾಯುವ್ಯಕ್ಕಿರುವ ವಾದಿ ನತ್ರೂನ್ ತಗ್ಗಿನ ಕೆರೆಗಳು ಬತ್ತಿದಾಗ ಉಳಿಯುವ ಉಪ್ಪು. ಅದರಲ್ಲಿ ವಾಷಿಂಗ್ ಸೋಡಾ, ಅಡುಗೆ ಸೋಡಾ, ಒಂದಿಷ್ಟು ಮಾಮೂಲಿ ಉಪ್ಪು ಎಲ್ಲ ಬೆರೆತಿರುತ್ತವೆ. ಹೆಣವನ್ನು ಒಣಗಿಸಿ ಮಮ್ಮಿ ಮಾಡುವುದಕ್ಕೂ ಅದೇ, ಬಾಯಿ ಮೈ ತೊಳೆಯುವುದಕ್ಕೂ ಅದೇ. ನಮ್ಮಲ್ಲಿ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ಬಳಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ರಸಾಯನಶಾಸ್ತ್ರ. ಕ್ಷಾರ ಜಿಡ್ಡನ್ನು ಕತ್ತರಿಸುತ್ತದೆ. ಆದರೆ ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ರ ಆಸುಪಾಸು, ವಾಷಿಂಗ್ ಸೋಡಾ ನೀರಿನದು 10ಕ್ಕಿಂತ ಮೇಲೆ. ದಿನಾ ಅದರಲ್ಲಿ ಮುಖ ತೊಳೆದರೆ ಚರ್ಮದ ಹೊರಪದರ ಹಾಳಾಗುತ್ತದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ ಪ್ರಕಾರ ಈಜಿಪ್ಟಿನ ಪುರೋಹಿತರು ಹಗಲು ಎರಡು ಸಲ, ರಾತ್ರಿ ಎರಡು ಸಲ ತಣ್ಣೀರು ಸ್ನಾನ ಮಾಡುತ್ತಿದ್ದರು, ದಿನ ಬಿಟ್ಟು ದಿನ ಮೈಯೆಲ್ಲ ಬೋಳಿಸಿಕೊಳ್ಳುತ್ತಿದ್ದರು. ನಮ್ಮ ಮಡಿಯವರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ತೊಳೆದ ಮೇಲೆ ಅಷ್ಟು ಎಣ್ಣೆ ಯಾಕೆ ಬೇಕಾಯಿತು ಎನ್ನುವುದು ಇದರಿಂದಲೂ ಅರ್ಥವಾಗುತ್ತದೆ.

ಹಾಗಾದರೆ ಗಿಡಮೂಲಿಕೆ? ಇತ್ತು, ಬೇಕಾದಷ್ಟು ಇತ್ತು. ಕ್ರಿ.ಪೂ. 1550ರ ಸುಮಾರಿನ ಏಬರ್ಸ್ ಪಪೈರಸ್‌ನಲ್ಲಿ ನೂರಾರು ಔಷಧಿಗಳಿವೆ. ತೊಡಕು ಬೇರೆ ಕಡೆ ಇದೆ. ಅದರಲ್ಲಿ ಬರುವ ಎಷ್ಟೋ ಗಿಡಗಳ ಹೆಸರು ಯಾವ ಗಿಡದ್ದು ಎಂದು ಇವತ್ತಿಗೂ ಖಚಿತವಾಗಿಲ್ಲ. ನ್ಯೂಯಾರ್ಕ್‌ನಲ್ಲಿರುವ ಎಡ್ವಿನ್ ಸ್ಮಿತ್ ಪಪೈರಸ್‌ನ ಹಿಂಬದಿಯಲ್ಲಿ ಮುದುಕನನ್ನು ಯುವಕನನ್ನಾಗಿ ಮಾಡುವ ಲೇಪದ ವಿಧಾನವೇ ಇದೆ. ಒಂದು ಕಾಯನ್ನು ಒಣಗಿಸಿ, ಕುಟ್ಟಿ, ಬೇಯಿಸಿ, ಕಹಿ ಹೋಗುವವರೆಗೆ ತೊಳೆದು, ಅರೆದು ಇಡಬೇಕು. ಆ ಕಾಯಿ ಯಾವುದು? ಮೆಂತ್ಯ ಎಂದವರಿದ್ದಾರೆ, ಕಹಿ ಬಾದಾಮಿ ಎಂದವರಿದ್ದಾರೆ. ಪಂಡಿತರೇ ಒಪ್ಪದ ಜಾಗದಲ್ಲಿ ಸೀರಮ್ ಕಂಪನಿಯವರು ಮಾತ್ರ ಭಾರಿ ಖಚಿತವಾಗಿ ಮಾತಾಡುತ್ತಾರೆ.

ಹಾಲಿನ ತೊಟ್ಟಿಯ ಕಥೆ

ಎರಡನೇ ಈಜಿಪ್ಟಿನ ಮಹಾರಾಣಿ ಕ್ಲಿಯೋಪಾತ್ರ. ಕ್ರಿ.ಪೂ. 69ರಲ್ಲಿ ಹುಟ್ಟಿ 30ರಲ್ಲಿ ಸತ್ತವಳು. ಮೂಲದಲ್ಲಿ ಮ್ಯಾಸಿಡೋನಿಯಾದ ಗ್ರೀಕ್ ವಂಶ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿದವರಿಗೂ ಅವಳಿಗೂ ನಡುವೆ ಇರುವ ಅಂತರ, ಅವಳಿಗೂ ನಮಗೂ ಇರುವ ಅಂತರಕ್ಕಿಂತ ದೊಡ್ಡದು. ಅವಳು ಕತ್ತೆ ಹಾಲಿನಲ್ಲಿ ಸ್ನಾನ ಮಾಡುತ್ತಿದ್ದಳು ಎನ್ನುವುದಕ್ಕೆ ಅವಳ ಕಾಲದ ಯಾವ ಬರಹದಲ್ಲೂ ಆಧಾರ ಇಲ್ಲ. ಕತ್ತೆ ಹಾಲಿನ ಸ್ನಾನ ಪಕ್ಕಾ ಬರುವುದು ರೋಮಿನ ಲೇಖಕ ಪ್ಲಿನಿಯ ಬರಹದಲ್ಲಿ. ಅದು ನೀರೋ ಚಕ್ರವರ್ತಿಯ ಹೆಂಡತಿ ಪೊಪ್ಪೇಯಾಳ ಬಗ್ಗೆ. ಅವಳು ಹೋದಲ್ಲೆಲ್ಲ 500 ಹೆಣ್ಣುಕತ್ತೆಗಳನ್ನು ಕರೆದುಕೊಂಡು ಹೋಗುತ್ತಿದ್ದಳಂತೆ. ಪೊಪ್ಪೇಯಾ ಹೆಸರಲ್ಲಿ ಸೋಪು ಮಾರಾಟ ಆಗುವುದಿಲ್ಲ, ಅಲ್ವಾ? ಹಾಗಾಗಿ ಅವಳ ಕತ್ತೆಗಳೆಲ್ಲ ಕ್ಲಿಯೋಪಾತ್ರಳ ಕೊಟ್ಟಿಗೆಗೆ ಬಂದವು.

ಹಾಲಿನಿಂದ ಚರ್ಮ ಮೃದುವಾಗುತ್ತದಾ? ಚರ್ಮದ ಸತ್ತ ಪದರವನ್ನು ಸಡಿಲಿಸುವುದು ಲ್ಯಾಕ್ಟಿಕ್ ಆಮ್ಲ. ಹಸಿ ಹಾಲಿನಲ್ಲಿ ಅದು ಹೆಚ್ಚು ಇರುವುದಿಲ್ಲ. ಹಾಲು ಹುಳಿಯಬೇಕು. ಇವತ್ತಿನ ಸೀರಮ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಹಾಕುತ್ತಾರೆ. ಒಂದು ಬಕೆಟ್ ಬಿಸಿನೀರಿಗೆ ಎರಡು ಚಮಚ ಹಾಲಿನ ಪುಡಿ ಹಾಕಿದರೆ ಸಿಗುವುದು ಮಸುಕು ನೀರು, ಅಷ್ಟೆ.

ಉಳಿದ ಕಥೆಗಳೂ ಹೀಗೇ. ಕೂದಲು ಕೀಳುವ ಸಕ್ಕರೆ ಪಾಕಕ್ಕೆ ಕ್ಲಿಯೋಪಾತ್ರಳ ಶುಗರ್ ವ್ಯಾಕ್ಸ್ ಎನ್ನುತ್ತಾರೆ. ಕಬ್ಬಿನ ಸಕ್ಕರೆ ಈಜಿಪ್ಟಿಗೆ ಬಂದದ್ದು ಅರಬರ ಕಾಲದಲ್ಲಿ. ಅವಳ ಪನ್ನೀರು ಎನ್ನುತ್ತಾರೆ. ಬಟ್ಟಿ ಇಳಿಸಿ ಪನ್ನೀರು ತೆಗೆಯುವ ಕಸುಬು ಬೆಳೆದದ್ದು ಅವಳು ಸತ್ತು ಎಂಟು-ಒಂಬತ್ತು ನೂರು ವರ್ಷ ಕಳೆದ ಮೇಲೆ. ಅವರು ಹೂವಿನ ಪರಿಮಳ ತೆಗೆಯುತ್ತಿದ್ದ ರೀತಿಯೇ ಬೇರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಒಂದು ಕಲ್ಲಿನ ಕೆತ್ತನೆ ಇದೆ. ಲಿಲ್ಲಿ ಹೂಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿ, ಎರಡೂ ತುದಿಗೆ ಕೋಲು ಸಿಕ್ಕಿಸಿ, ಹೆಂಗಸರು ಎದುರುಬದುರು ನಿಂತು ಹಿಂಡುತ್ತಿದ್ದಾರೆ. ಒದ್ದೆ ಕಂಬಳಿ ಹಿಂಡುವಾಗ ಇಬ್ಬರು ನಿಲ್ಲುವ ಹಾಗೆ. ಇಲ್ಲದಿದ್ದರೆ ಹೂಗಳನ್ನು ಎಣ್ಣೆ, ಕೊಬ್ಬಿನಲ್ಲಿ ನೆನೆಹಾಕುತ್ತಿದ್ದರು. ಹಾಗಾಗಿ ಪುರಾತನ ಈಜಿಪ್ಟಿನ ಎಸೆನ್ಷಿಯಲ್ ಆಯಿಲ್ ಎಂದು ಡ್ರಾಪರ್ ಬಾಟಲಿಯಲ್ಲಿ ಬರುವ ಬಟ್ಟಿ ಎಣ್ಣೆಗೆ ಆ ಪರಂಪರೆಯ ಜೊತೆ ಇರುವ ನಂಟು ಹೆಸರಿನದ್ದು ಮಾತ್ರ. ಅಂದಹಾಗೆ, ಸಮಾಧಿ ಚಿತ್ರಗಳಲ್ಲಿ ಎಲ್ಲೆಡೆ ಕಾಣುವ ನೀಲಿ ಕಮಲ ಕಮಲವಲ್ಲ, ನೈದಿಲೆ. ನಮ್ಮ ತಾವರೆ ಈಜಿಪ್ಟಿಗೆ ಹೋದದ್ದು ಬಹಳ ತಡವಾಗಿ, ಪರ್ಷಿಯನ್ನರು ಆಳುವ ಹೊತ್ತಿಗೆ.

ಈ ಎರಡನೇ ಈಜಿಪ್ಟ್ ಇನ್‌ಸ್ಟಾಗ್ರಾಮ್ ಕಾಲದ್ದೂ ಅಲ್ಲ. ಪಾಮೋಲಿವ್ ಸೋಪು 1910ರ ದಶಕದಲ್ಲೇ ತಾಳೆ ಎಣ್ಣೆ, ಆಲಿವ್ ಎಣ್ಣೆಗಳ ಜೊತೆ ಈಜಿಪ್ಟಿನ ರಾಣಿಯರ ಚಿತ್ರ ಹಾಕಿ ಅಮೆರಿಕದ ಗೃಹಿಣಿಯರಿಗೆ ಜಾಹೀರಾತು ಕೊಡುತ್ತಿತ್ತು. ಟುಟಾಂಖಾಮನ್ ಸಿಕ್ಕ ಮೇಲಂತೂ ಪೌಡರ್ ಡಬ್ಬಿ, ಸೆಂಟಿನ ಬಾಟಲಿಗಳ ಮೇಲೆಲ್ಲ ಪಿರಮಿಡ್ ಕೂತವು.

ಹಿತ್ತಲಿನ ಗಿಡ, ಪರದೇಶದ ಹೆಸರು

ಇಲ್ಲಿ ಕನ್ನಡದ ಓದುಗರಿಗೆ ಒಂದು ತಮಾಷೆ ಇದೆ. ಈಜಿಪ್ಷಿಯನ್ ಲೂಫಾ ಎಂದು ಬರುವುದು ನಮ್ಮ ತುಪ್ಪದ ಹೀರೆಕಾಯಿಯ ನಾರು. ಸಸ್ಯಶಾಸ್ತ್ರದಲ್ಲಿ ಅದರ ಹೆಸರೇ ಲೂಫಾ ಈಜಿಪ್ಟಿಯಾಕಾ. ಯುರೋಪಿನ ಸಸ್ಯಶಾಸ್ತ್ರಜ್ಞರು ಅದನ್ನು ಈಜಿಪ್ಟಿನ ತೋಟಗಳಲ್ಲಿ ನೋಡಿದ್ದರಿಂದ ಆ ಹೆಸರು ಬಂತು. ಬಳ್ಳಿಯ ಮೂಲ ಏಷ್ಯಾ. ಈಗ ಈಜಿಪ್ಟಿನಲ್ಲಿ ಒಳ್ಳೆ ಲೂಫಾ ಬೆಳೆಯುತ್ತಾರೆ, ಅದು ನಿಜ. ಆದರೆ ಬೇಲಿ ಮೇಲೆ ಬಲಿತು ಒಣಗಿದ ಹೀರೆಕಾಯಿಯ ಸಿಪ್ಪೆ ಸುಲಿದು, ಬೀಜ ಕೊಡವಿ, ಬಚ್ಚಲಲ್ಲಿ ನೇತುಹಾಕುವ ಮನೆಗಳು ನಮ್ಮಲ್ಲೂ ಇವೆ. ಒಂದು ಎಚ್ಚರಿಕೆ ಎರಡಕ್ಕೂ ಸಮ: ಸದಾ ಒದ್ದೆಯಾಗಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಿಸಿಲಿಗೆ ಒಣಗಿಸಬೇಕು, ಆಗಾಗ ಬದಲಿಸಬೇಕು.

ಮೊರಿಂಗಾ ಎಣ್ಣೆಯೂ ಹಾಗೇ. ಹಳೆಯ ಈಜಿಪ್ಟಿನವರು ಬಳಸಿದ್ದು ಅಲ್ಲಿನ ಮರುಭೂಮಿಯ ನುಗ್ಗೆ, ಮೊರಿಂಗಾ ಪೆರೆಗ್ರೀನಾ. ಮಾರುಕಟ್ಟೆಗೆ ಸಾಮಾನ್ಯವಾಗಿ ಬರುವುದು ಭಾರತ ಮೂಲದ ನುಗ್ಗೆ, ಸಾರಿಗೆ ಹಾಕುವ ಅದೇ ಜಾತಿ. ಎಣ್ಣೆ ಕೆಟ್ಟದ್ದೇನಲ್ಲ. ಬೇಗ ಕಮಟು ಹಿಡಿಯುವುದಿಲ್ಲ, ಹಗುರವಾಗಿರುತ್ತದೆ, ಪರಿಮಳವನ್ನು ಚೆನ್ನಾಗಿ ಹಿಡಿದಿಡುತ್ತದೆ. ಸೆಂಟು ಮಾಡುವವರಿಗೆ ಆಗ ಅದು ಬೇಕಾಗಿದ್ದೂ ಇದಕ್ಕೇ. ಹರಳೆಣ್ಣೆ ಏಬರ್ಸ್ ಪಪೈರಸ್‌ನಲ್ಲೇ ಇದೆ. ಹೆರೊಡೋಟಸ್ ಮಾತ್ರ ಅದರ ವಾಸನೆ ಸಹಿಸಲಾಗದು ಎಂದು ಬರೆದ. ಇವತ್ತು ಜಗತ್ತಿನ ಹರಳೆಣ್ಣೆಯ ಬಹುಪಾಲು ಭಾರತದ್ದು, ಅದರಲ್ಲೂ ಗುಜರಾತಿನದು. ಸಾಗಾಟ ಹಿಂದೆಯೂ ಇತ್ತು. ಕ್ರಿ.ಪೂ. 1213ರಲ್ಲಿ ಸತ್ತ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳು ಸಿಕ್ಕಿವೆ. ಪಶ್ಚಿಮ ಘಟ್ಟದ ಮೆಣಸು ಅಷ್ಟು ಹಿಂದೆಯೇ ನೈಲ್ ತಲುಪಿತ್ತು. ಅಂದರೆ ಈಜಿಪ್ಟಿನ ಪರಂಪರೆ ಎನ್ನುವುದೇ ಆಗಲೂ ಹತ್ತು ದೇಶದ ಸರಕು ಸೇರಿ ಆದದ್ದು.

ಕಾಡಿಗೆಯ ವಿಷಯ ತಮಾಷೆಯಲ್ಲ

ಪರಂಪರೆ ಎಂದು ಕಣ್ಣುಮುಚ್ಚಿ ಒಪ್ಪಬಾರದ್ದು ಒಂದಿದ್ದರೆ ಅದು ಕೋಲ್, ಅಂದರೆ ಈಜಿಪ್ಟಿನ ಕಾಡಿಗೆ. ಕಪ್ಪು ಬಣ್ಣಕ್ಕೆ ಅವರು ಅರೆಯುತ್ತಿದ್ದದ್ದು ಗೆಲೀನಾ, ಸೀಸದ ಅದಿರು. ಫ್ರೆಂಚ್ ವಿಜ್ಞಾನಿಗಳು ಲೂವ್ರ್‌ನ ಹಳೆಯ ಕಾಡಿಗೆ ಡಬ್ಬಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬೇಕೆಂದೇ ತಯಾರಿಸಿದ ಸೀಸದ ಲವಣಗಳೂ ಇವೆ ಎಂದು 1999ರಲ್ಲಿ ತೋರಿಸಿದರು. 2010ರಲ್ಲಿ ಬಂದ ಇನ್ನೊಂದು ಅಧ್ಯಯನ, ಬಹಳ ಕಡಿಮೆ ಪ್ರಮಾಣದ ಈ ಲವಣ ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಅದು ರೋಗನಿರೋಧಕ ಶಕ್ತಿಗೆ ನೆರವಾಗಿರಬಹುದು ಎಂದಿತು. ಅಷ್ಟು ಸಾಕಾಯಿತು. ಫೇರೋಗಳ ಕಾಡಿಗೆ ಕಣ್ಣಿಗೆ ಔಷಧಿ ಎಂದು ಮಾರುವವರು ಶುರುಮಾಡಿದರು. ಪ್ರಯೋಗ ನಡೆದದ್ದು ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ. ಮಗುವಿನ ಕಣ್ಣಿನಲ್ಲಿ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಾತು ನೇರವಾಗಿದೆ: ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ. ಮಕ್ಕಳು ಕಣ್ಣುಜ್ಜಿ ಬೆರಳು ಬಾಯಿಗಿಡುತ್ತಾರೆ, ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಅಮೆರಿಕದಲ್ಲಿ ಕೋಲ್ ಅನ್ನು ಬಣ್ಣದ ಪದಾರ್ಥವಾಗಿ ಬಳಸಲು ಅನುಮತಿ ಇಲ್ಲ. ಭಾರತದಲ್ಲೂ ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಹಾಕಿ ಸೌಂದರ್ಯವರ್ಧಕ ತಯಾರಿಸುವಂತಿಲ್ಲ. ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡುವ ಕಾಡಿಗೆಯಲ್ಲಿ ಗೆಲೀನಾ ಇರುವುದಿಲ್ಲ, ಆದರೆ ಅದನ್ನೂ ಎಳೆಮಕ್ಕಳ ಕಣ್ಣೊಳಗೆ ಹಚ್ಚಬೇಡಿ ಎಂದೇ ಡಾಕ್ಟರುಗಳು ಹೇಳುತ್ತಾರೆ. ಪ್ರವಾಸಕ್ಕೆ ಹೋದವರು, ಗಲ್ಫ್‌ನಿಂದ ಬರುವವರು ಪ್ರೀತಿಯಿಂದ ತಂದುಕೊಡುವ ಸುರ್ಮಾ ಕಲ್ಲು, ಬಿಡಿ ಪುಡಿಗಳ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಸೀಸ ಇದೆಯೋ ಇಲ್ಲವೋ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಹೆಸರು ಯಾರದ್ದು, ದುಡ್ಡು ಯಾರಿಗೆ

ಈಜಿಪ್ಷಿಯನ್ ಕಾಟನ್ ಎಂದು ಸುಳ್ಳು ಹೇಳಿದರೆ ಸಿಕ್ಕಿಬೀಳಬಹುದು. 2016ರಲ್ಲಿ ಭಾರತದ ಒಂದು ದೊಡ್ಡ ಜವಳಿ ಕಂಪನಿ ಬೇರೆ ಹತ್ತಿಯ ಹೊದಿಕೆಗಳನ್ನು ಆ ಹೆಸರಲ್ಲಿ ಪೂರೈಸಿದೆ ಎಂದು ಅಮೆರಿಕದ ಅಂಗಡಿ ಸರಣಿಯೊಂದು ವ್ಯವಹಾರವನ್ನೇ ಕಡಿದುಕೊಂಡಿತು. ಹಾಗೇ ಮೈಸೂರು ಸ್ಯಾಂಡಲ್ ಸೋಪಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಇದೆ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗೂ ಇದೆ. ಆದರೆ ಈಜಿಪ್ಟ್ ಪ್ರೇರಿತ ಎನ್ನುವ ಮಾತಿಗೆ ಯಾವ ಬೇಲಿಯೂ ಇಲ್ಲ. ಪ್ರೇರಣೆ ಯಾರಿಗೆ ಬೇಕಾದರೂ ಆಗಬಹುದು. 2007ರ ಕೊನೆಯಲ್ಲಿ ಈಜಿಪ್ಟಿನ ಪುರಾತತ್ವ ಮುಖ್ಯಸ್ಥರಾಗಿದ್ದ ಜಾಹಿ ಹವಾಸ್, ಪ್ರಾಚೀನ ವಸ್ತುಗಳ ನಕಲು ಮಾಡುವವರು ದುಡ್ಡು ಕೊಡಬೇಕು ಎಂಬ ಕಾನೂನಿನ ಮಾತೆತ್ತಿದ್ದರು. ಅದೂ ಅಳತೆಗೆ ಸರಿಯಾದ ಪೂರ್ತಿ ನಕಲಿಗೆ ಮಾತ್ರ. ರಾಣಿ ನೆಫರ್‌ಟಿಟಿ ಮುಖ ಹಾಕಿದ ಶಾಂಪೂ ಡಬ್ಬಿ ಅದಕ್ಕೆ ಸಿಗುವುದಿಲ್ಲ.

ನ್ಯಾಚುರಲ್ ಎನ್ನುವ ಮಾತಿಗಾದರೂ ಈಗ ಸ್ವಲ್ಪ ಲಗಾಮು ಬಿದ್ದಿದೆ. ಭಾರತದ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ತಂದ ಗ್ರೀನ್‌ವಾಷಿಂಗ್ (ಪರಿಸರಸ್ನೇಹಿ ಎಂಬ ಸುಳ್ಳು ಹೊಗಳಿಕೆ) ತಡೆ ಮಾರ್ಗಸೂಚಿಯ ಪ್ರಕಾರ, ನ್ಯಾಚುರಲ್, ಆರ್ಗ್ಯಾನಿ‌ಕ್ ಎಂದು ಹೇಳಿಕೊಂಡರೆ ಅದಕ್ಕೆ ವಿವರವೂ ಪುರಾವೆಯೂ ಇರಬೇಕು. 2020ರ ಸೌಂದರ್ಯವರ್ಧಕ ನಿಯಮಗಳಂತೆ ಆಮದು ಸರಕಿಗೆ ನೋಂದಣಿ ಕಡ್ಡಾಯ. ಡಬ್ಬಿಯ ಹಿಂಬದಿಯಲ್ಲಿ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಂಬದಿಯ ಪಿರಮಿಡ್ ನೋಡುವ ಅಗತ್ಯವಿಲ್ಲ.

ಇನ್ನು ಮೂರನೇ ಈಜಿಪ್ಟ್. ಜಗತ್ತಿನ ಸೆಂಟು, ಸೋಪುಗಳಿಗೆ ಹೋಗುವ ಜಾಜಿ ಸಾರದ ಬಹುಪಾಲು ಬರುವುದು ಎರಡೇ ದೇಶದಿಂದ, ಈಜಿಪ್ಟ್ ಮತ್ತು ಭಾರತ. ಈಜಿಪ್ಟಿನ ಜಾಜಿ ಬೆಳೆಯುವುದು ನೈಲ್ ಮುಖಜಭೂಮಿಯ ಘರ್ಬಿಯಾ ಪ್ರಾಂತದಲ್ಲಿ, ಶುಬ್ರಾ ಬೆಲೂಲಾ ಎಂಬ ಹಳ್ಳಿಯ ಸುತ್ತಮುತ್ತ. ಬಿಸಿಲೇರಿದರೆ ಪರಿಮಳ ಹಾರಿಹೋಗುತ್ತದೆ. ಅದಕ್ಕೇ ನಡುರಾತ್ರಿಯಿಂದ ತಲೆಗೆ ಟಾರ್ಚ್ ಕಟ್ಟಿಕೊಂಡು ಹೂ ಬಿಡಿಸುತ್ತಾರೆ. ಒಂದು ಕಿಲೋ ತೂಗಲು ಸಾವಿರಾರು ಹೂ ಬೇಕು. ಒಂದು ಟನ್ ಹೂವಿನಿಂದ ಸಿಗುವುದು ಎರಡು-ಮೂರು ಕಿಲೋ ಮೇಣದಂಥ ಸಾರ. ಹೀಗಿರುವಾಗ ಇನ್ನೂರು ರೂಪಾಯಿಯ ಈಜಿಪ್ಷಿಯನ್ ಜಾಸ್ಮಿನ್ ಸೋಪಿನಲ್ಲಿ ನಿಜವಾದ ಜಾಜಿ ಎಷ್ಟಿರಲು ಸಾಧ್ಯ? ಬಹುತೇಕ ಲ್ಯಾಬಿನ ಪರಿಮಳವೇ. ಅದರಲ್ಲಿ ತಪ್ಪೇನಿಲ್ಲ, ಹಾಗೆಂದು ಹೇಳಿದರೆ.

ನಿಜವಾದ ಜಾಜಿ ಹಾಕುವ ದುಬಾರಿ ಬ್ರ್ಯಾಂಡುಗಳ ಕಥೆ ಇನ್ನೂ ಕಷ್ಟದ್ದು. 2024ರ ಮೇ ತಿಂಗಳಲ್ಲಿ ಬಿಬಿಸಿ ಅಲ್ಲಿನ ಹೊಲಗಳಿಗೆ ಹೋಗಿ, ಜಗತ್ಪ್ರಸಿದ್ಧ ಸೆಂಟು ಕಂಪನಿಗಳಿಗೆ ಹೂ ಒದಗಿಸುವ ಸರಪಳಿಯಲ್ಲಿ ಸಣ್ಣ ಮಕ್ಕಳು ದುಡಿಯುತ್ತಿರುವುದನ್ನು ಚಿತ್ರೀಕರಿಸಿತು. ಒಬ್ಬ ತಾಯಿ ಮತ್ತು ನಾಲ್ಕು ಮಕ್ಕಳು, ಅವರಲ್ಲಿ ಚಿಕ್ಕದಕ್ಕೆ ಐದು ವರ್ಷ, ರಾತ್ರಿಯೆಲ್ಲ ಬಿಡಿಸಿದ್ದು ಒಂದೂವರೆ ಕಿಲೋ. ಹೊಲದ ಮಾಲೀಕರ ಪಾಲು ಕಳೆದು ಉಳಿದದ್ದು ಸುಮಾರು ಒಂದೂವರೆ ಡಾಲರ್. ದರ ಇಳಿದಷ್ಟೂ ಮಕ್ಕಳನ್ನು ಕರೆತರುವುದು ಅನಿವಾರ್ಯವಾಗುತ್ತದೆ, ಯಾಕೆಂದರೆ ಕೂಲಿ ತೂಕದ ಮೇಲೆ. ಹೂವಿನ ದರದ ಮೇಲೆ ಒತ್ತಡ ಹಾಕುವವರು ಸರಪಳಿಯ ಮೇಲ್ತುದಿಯ ಖರೀದಿದಾರರು. ಎಥಿಕಲ್ ಸೋರ್ಸಿಂಗ್, ಅಂದರೆ ನ್ಯಾಯವಾಗಿ ತರಿಸಿದ ಸರಕು ಎಂಬ ಮುದ್ರೆ ಬೇಕಾದವರೂ ಅವರೇ. ಆ ಮುದ್ರೆ ಕೊಡುವ ಆಡಿಟ್ ಕಾರ್ಖಾನೆಗಷ್ಟೇ ಹೋಗಿ ಬರುವುದೂ ಉಂಟು. ಹೂ ಬಿಡಿಸುವುದು ರಾತ್ರಿ, ಹೊಲದಲ್ಲಿ.